ಮೇ ಕಳೆಯುವವರೆಗೂ ಮಲಗಿರುವ ದಾಸವಾಳಕ್ಕೆ ಯಾವ ಗಿಡ ಜೊತೆ?

ಪ್ರಶ್ನೆ: ನಮಸ್ಕಾರ ಸರ್. ನಾವು ನ್ಯೂಜೆರ್ಸಿಯ ಮಧ್ಯಭಾಗದಲ್ಲಿದ್ದೇವೆ. ಮೂರು ವರ್ಷದ ಹಿಂದೆ ಹಿತ್ತಲಿನ ಬೇಲಿ ಪಕ್ಕ ಮೂರು ಹಾರ್ಡಿ ಹೈಬಿಸ್ಕಸ್, ಅಂದರೆ ಚಳಿ ತಡೆಯುವ ದಾಸವಾಳದ ಗಿಡ ನೆಟ್ಟೆವು. ಒಂದು ಕೆಂಪು, ಚೀಟಿಯಲ್ಲಿ ಲಾರ್ಡ್ ಬಾಲ್ಟಿಮೋರ್ ಅಂತ ಇತ್ತು. ಒಂದು ಗುಲಾಬಿ ಬಣ್ಣದ್ದು, ಒಂದು ಬಿಳಿ. ಮೊದಲ ಚಳಿಗಾಲ ಮುಗಿದು ಮೇ ತಿಂಗಳು ಬಂದರೂ ಒಂದೂ ಚಿಗುರಲಿಲ್ಲ. ಸತ್ತೇಹೋದವು ಅಂದುಕೊಂಡು ನಮ್ಮ ಯಜಮಾನರು ಬಿಳಿ ಗಿಡವನ್ನು ಅಗೆದು ಎಸೆದರು. ಉಳಿದ ಎರಡು ಜೂನ್ ಹೊತ್ತಿಗೆ ಎದ್ದು ಬಂದವು! ಈಗ ನನ್ನ ಕಷ್ಟ ಬೇರೆ. ಜೂನ್‌ವರೆಗೆ ಆ ಪಾತಿ ಬರೀ ಮಣ್ಣು. ಅದನ್ನು ತುಂಬಿಸೋಣ ಅಂತ ಲ್ಯಾವೆಂಡರ್ ಹಾಕಿದೆ, ಕೊಳೆತುಹೋಯಿತು. ಪುದೀನ ಹಾಕಿದೆ, ಅದು ಇಡೀ ಪಾತಿಯನ್ನೇ ನುಂಗಿದೆ. ಪಕ್ಕದಲ್ಲೇ ಪ್ರತಿ ವರ್ಷ ಬೆಂಡೆ ಹಾಕುತ್ತೇನೆ. ಜುಲೈ ಬಂತೆಂದರೆ ಹಸಿರು ಹೊಳಪಿನ ಜೀರುಂಡೆಗಳು ಎಲೆಯನ್ನೆಲ್ಲ ಜರಡಿ ಮಾಡುತ್ತವೆ. ಸುತ್ತ ಬೆಳ್ಳುಳ್ಳಿ ಸೊಪ್ಪು, ಜೆರೇನಿಯಂ, ಚೆಂಡು ಹೂ ಹಾಕಿದರೆ ಹುಳ ಹತ್ತಿರ ಸುಳಿಯಲ್ಲ ಅಂತ ಗೆಳತಿಯರು ಹೇಳುತ್ತಾರೆ. ನಿಜವಾ? ಈ ಗಿಡಕ್ಕೆ ಜೊತೆಯಾಗಿ ಏನು ನೆಡಬೇಕು? ಇನ್ನೊಂದು ಮಾತು. ಅತ್ತೆಯವರು ಹಾಸನದಿಂದ ಬಂದಿದ್ದಾರೆ. ಈ ತಟ್ಟೆಯಷ್ಟು ದೊಡ್ಡ ಹೂವನ್ನು ಗಣಪತಿಗೆ ಏರಿಸಬಹುದಾ ಅಂತ ಕೇಳುತ್ತಿದ್ದಾರೆ.

ಉತ್ತರ: ಮೊದಲು ಆ ಬಿಳಿ ಗಿಡದ ಮಾತು ಆಡಿಬಿಡುತ್ತೇನೆ. ಅದು ಬದುಕಿದ್ದಿರಬಹುದು. ಉಳಿದ ಎರಡೂ ಅದೇ ಪಾತಿಯಲ್ಲಿ ಎದ್ದು ಬಂದಿವೆ ಅಂದರೆ ಮೂರನೆಯದೂ ಮಣ್ಣಿನ ಕೆಳಗೆ ಮಲಗಿದ್ದಿರುವ ಸಾಧ್ಯತೆಯೇ ಜಾಸ್ತಿ. ಯಜಮಾನರ ಮೇಲೆ ಬೇಸರ ಬೇಡ. ನಾನು ಕೆಲಸ ಮಾಡುವ ಪೆನ್ಸಿಲ್ವೇನಿಯಾದ ನರ್ಸರಿಗೆ ಪ್ರತಿ ಮೇ ತಿಂಗಳು ಇದೇ ದೂರಿನ ಫೋನ್ ಬರುತ್ತದೆ. 'ನೀವು ಕೊಟ್ಟ ಗಿಡ ಚಳಿಗೆ ಸತ್ತಿದೆ' ಅನ್ನುತ್ತಾರೆ. ಇನ್ನು ಮೂರು ವಾರ ಕಾಯಿರಿ ಎಂದು ಕೈ ಮುಗಿದು ಕೇಳುತ್ತೇನೆ. ಕಾದವರಲ್ಲಿ ಹೆಚ್ಚಿನವರು ಜೂನ್‌ನಲ್ಲಿ ಚಿಗುರಿನ ಫೋಟೋ ಕಳಿಸುತ್ತಾರೆ.

ನಿಮ್ಮ ಪ್ರಶ್ನೆಯಲ್ಲಿ ಎರಡು ಚಿಂತೆ ಕೂಡಿಕೊಂಡಿವೆ. ಖಾಲಿ ಪಾತಿಯನ್ನು ಏನು ಹಾಕಿ ತುಂಬಿಸುವುದು ಅನ್ನುವುದು ಒಂದು. ಹುಳವನ್ನು ಓಡಿಸುವ ಗಿಡ ಇದೆಯಾ ಅನ್ನುವುದು ಇನ್ನೊಂದು. 'ಜೊತೆ ಗಿಡ' ಎಂಬ ಒಂದೇ ಮಾತಿನಲ್ಲಿ ಎರಡನ್ನೂ ಸೇರಿಸಿಬಿಡುತ್ತೇವೆ. ಆದರೆ ಮೊದಲನೆಯದಕ್ಕೆ ಗಿಡಗಳಲ್ಲಿ ಉತ್ತರ ಇದೆ, ಎರಡನೆಯದಕ್ಕೆ ಇಲ್ಲ. ಹಾಗಾಗಿ ಬೇರೆ ಬೇರೆಯಾಗಿಯೇ ಹೇಳುತ್ತೇನೆ.

ನಿಮ್ಮ ಗಿಡ ಎಲ್ಲಿಯದು ಎಂದು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ನಮ್ಮೂರ ಮನೆ ಮುಂದಿನ ದಾಸವಾಳ ಹೈಬಿಸ್ಕಸ್ ರೋಸಾ ಸೈನೆನ್ಸಿಸ್. ವರ್ಷವಿಡೀ ಹಸಿರಾಗಿರುವ ಪೊದೆ, ಹಿಮ ಬಿದ್ದರೆ ಉಳಿಯುವುದಿಲ್ಲ. ನಿಮ್ಮ ಕಡೆ ಅದನ್ನು ಕುಂಡದಲ್ಲಿಟ್ಟು ಚಳಿಗಾಲಕ್ಕೆ ಮನೆಯೊಳಗೆ ತರಬೇಕು. ನಿಮ್ಮಲ್ಲಿರುವುದು ಅದರ ದಾಯಾದಿ, ಅಮೆರಿಕದ್ದೇ ಮಣ್ಣಿನ ಗಿಡ. ಹೈಬಿಸ್ಕಸ್ ಮೊಶ್ಯೂಟಸ್, ಹೈಬಿಸ್ಕಸ್ ಕೊಕ್ಸಿನಿಯಸ್, ಹೈಬಿಸ್ಕಸ್ ಲೇವಿಸ್ ಎಂಬ ಕಾಡು ಜಾತಿಗಳನ್ನು ಬೆರೆಸಿ ಮಾಡಿದ ತಳಿಗಳು ಇವು. ನಿಮ್ಮ ಲಾರ್ಡ್ ಬಾಲ್ಟಿಮೋರ್ ಮೇರಿಲ್ಯಾಂಡ್‌ನ ರಾಬರ್ಟ್ ಡಾರ್ಬಿ ಬೆಳೆಸಿದ್ದು. ಈ ಕಾಡು ಜಾತಿಗಳು ಹುಟ್ಟಿ ಬೆಳೆಯುವುದು ಜವುಗಿನಲ್ಲಿ, ಹೊಳೆದಂಡೆಯಲ್ಲಿ, ಸಮುದ್ರದ ಹತ್ತಿರದ ಉಪ್ಪುನೀರು ಬೆರೆತ ತೇವದ ನೆಲದಲ್ಲಿ. ಆಗಸ್ಟ್‌ನಲ್ಲಿ ನ್ಯೂಜೆರ್ಸಿಯ ಕರಾವಳಿ ಕಡೆ ಕಾರಿನಲ್ಲಿ ಹೋದರೆ ರಸ್ತೆ ಪಕ್ಕದ ಜೌಗು ನೆಲದಲ್ಲಿ ಗುಲಾಬಿ, ಬಿಳಿ ಹೂಗಳು ಗುಂಪು ಗುಂಪಾಗಿ ಕಾಣುತ್ತವೆ. ಒಮ್ಮೆ ನಿಲ್ಲಿಸಿ ನೋಡಿ. ನಿಮ್ಮ ಗಿಡದ ತವರುಮನೆ ಅದು.

ಮೊದಲ ಗಟ್ಟಿ ಹಿಮಕ್ಕೆ ಇದರ ಕಾಂಡ ಪೂರ್ತಿ ಒಣಗುತ್ತದೆ. ಜೀವ ಇರುವುದು ಮಣ್ಣಿನೊಳಗಿನ ಬುಡದಲ್ಲಿ. ಆ ಬುಡ ಏಳುವುದು ಮಣ್ಣು ಚೆನ್ನಾಗಿ ಬೆಚ್ಚಗಾದ ಮೇಲೆ. ಗಾಳಿ ಬೆಚ್ಚಗಾದರೆ ಸಾಲದು. ತೇವದ ಮಣ್ಣು ಒಣ ಮಣ್ಣಿಗಿಂತ ನಿಧಾನವಾಗಿ ಬಿಸಿಯಾಗುತ್ತದೆ. ನಿಮ್ಮ ಕಡೆ ಮೇ ಮಧ್ಯ, ಮಳೆ ಚಳಿ ಜಾಸ್ತಿಯಾದ ವರ್ಷ ಜೂನ್ ಮೊದಲ ವಾರವೂ ಆದೀತು. ಒಮ್ಮೆ ಎದ್ದಿತೋ, ವೇಗ ನಂಬುವ ಹಾಗಿರುವುದಿಲ್ಲ. ಜುಲೈ ಕೊನೆಗೆ ನಾಲ್ಕೈದು ಅಡಿ ಎತ್ತರ, ಮೂರ್ನಾಲ್ಕು ಅಡಿ ಅಗಲ. ಎಲೆಗಳು ಅಂಗೈಗಿಂತ ದೊಡ್ಡವು. ಕೆಳಗಿನ ನೆಲಕ್ಕೆ ಬಿಸಿಲೇ ಬೀಳುವುದಿಲ್ಲ.

ಜೊತೆ ಗಿಡವನ್ನು ಆರಿಸುವಾಗ ನಾನು ನೋಡುವುದು ಇದನ್ನೇ. ವರ್ಷದ ಏಳೆಂಟು ತಿಂಗಳು ಈ ಗಿಡ ಕಣ್ಣಿಗೇ ಕಾಣುವುದಿಲ್ಲ. ಆಮೇಲೆ ಒಮ್ಮೆಲೇ ಇಡೀ ಜಾಗ ತನ್ನದು ಅನ್ನುತ್ತದೆ. ಜೊತೆಗೆ ಸದಾ ನೀರು ಕೇಳುತ್ತದೆ. ಹಾಗಾದರೆ ಪಕ್ಕದ ಗಿಡ ಹೇಗಿರಬೇಕು? ಇದು ಮಲಗಿರುವಾಗ ಮೆರೆಯಬೇಕು, ಇದು ಎದ್ದಾಗ ಪಕ್ಕಕ್ಕೆ ಸರಿಯಬೇಕು, ಇಲ್ಲವೇ ಇದರ ಎತ್ತರಕ್ಕೆ ಸಮವಾಗಿ ನಿಲ್ಲಬೇಕು. ಒದ್ದೆ ಕಾಲಲ್ಲಿ ನಿಂತು ಬದುಕುವ ತಾಕತ್ತಂತೂ ಬೇಕೇ ಬೇಕು.

ನಿಮ್ಮ ಲ್ಯಾವೆಂಡರ್ ಸೋತದ್ದು ಅಲ್ಲೇ. ಅದು ಮೆಡಿಟರೇನಿಯನ್ ಕಡೆಯ ಕಲ್ಲುನೆಲದ ಗಿಡ. ನೀರು ಬೇಗ ಬಸಿದುಹೋಗುವ, ಒಣಗುವ ಮಣ್ಣು ಅದಕ್ಕೆ ಬೇಕು. ದಾಸವಾಳಕ್ಕೆ ನೀವು ಹಾಕಿದ ನೀರೇ ಅದರ ಬೇರನ್ನು ಕೊಳೆಸಿತು. ನಿಮ್ಮ ಆರೈಕೆಯಲ್ಲಿ ತಪ್ಪಿರಲಿಲ್ಲ, ಎರಡೂ ಒಂದೇ ಪಾತಿಗೆ ಸೇರುವ ಗಿಡಗಳಲ್ಲ ಅಷ್ಟೇ. ರೋಸ್‌ಮೇರಿ, ರಷ್ಯನ್ ಸೇಜ್‌ಗೂ ಇದೇ ಮಾತು. ಹೂವಿನ ಬಣ್ಣ ಹೊಂದುತ್ತದೆ ಎಂದು ಅಂಗಡಿಯಲ್ಲಿ ಇವುಗಳನ್ನು ಪಕ್ಕಪಕ್ಕ ಜೋಡಿಸಿಟ್ಟಿರುತ್ತಾರೆ. ಆ ಜೋಡಿ ಚೆಂದ ಕಾಣುವುದು ಕುಂಡದಲ್ಲಿರುವವರೆಗೆ ಮಾತ್ರ.

ಪುದೀನಕ್ಕೆ ಆ ತೊಂದರೆ ಇಲ್ಲ. ಅದಕ್ಕೆ ತೇವ ಎಂದರೆ ಹಬ್ಬ. ನೆಲದಡಿ ಬಳ್ಳಿ ಬಿಟ್ಟುಕೊಂಡು ಓಡುತ್ತದೆ. ದಾಸವಾಳ ಮಲಗಿರುವ ಏಪ್ರಿಲ್, ಮೇ ತಿಂಗಳಲ್ಲೇ ಅದು ಬುಡದೊಳಗೆ ನುಗ್ಗಿರುತ್ತದೆ. ಅದನ್ನು ತೆಗೆಯಲೇಬೇಕು. ಅಕ್ಟೋಬರ್‌ನಲ್ಲಿ, ದಾಸವಾಳದ ಕಾಂಡ ಇನ್ನೂ ನಿಂತಿರುವಾಗ ಶುರು ಮಾಡಿ. ಆಗ ಬುಡ ಎಲ್ಲಿದೆ ಎಂದು ಕಾಣುತ್ತದೆ, ಗುದ್ದಲಿ ತಗಲುವುದಿಲ್ಲ. ಕೈಯಲ್ಲಿ ಹಿಡಿಯುವ ಸಣ್ಣ ಫೋರ್ಕ್‌ನಿಂದ ಮಣ್ಣು ಸಡಿಲಿಸಿ ಬಿಳಿ ಬಳ್ಳಿಬೇರನ್ನು ಎಳೆದು ತೆಗೆಯಿರಿ. ತುಂಡು ಉಳಿದರೆ ಅದೇ ಮತ್ತೆ ಗಿಡ. ಒಂದೇ ಸಲಕ್ಕೆ ಹೋಗುವುದಿಲ್ಲ, ಮುಂದಿನ ವರ್ಷವಿಡೀ ಕಂಡ ಕಂಡ ಚಿಗುರು ಕೀಳುತ್ತಿರಬೇಕು. ಚಟ್ನಿಗೆ ಬೇಕಾದಷ್ಟನ್ನು ಕುಂಡದಲ್ಲಿ ಹಾಕಿಕೊಳ್ಳಿ. ಆ ಕುಂಡವನ್ನು ಮಣ್ಣಿನ ಮೇಲೆ ಇಡಬೇಡಿ, ಡೆಕ್ ಮೇಲೆ ಇಡಿ.

ಈಗ ಖಾಲಿ ಪಾತಿಗೆ ಬರೋಣ. ವಸಂತಕ್ಕೆ ಎಲ್ಲರೂ ಹೇಳುವ ಹೆಸರು ಡ್ಯಾಫೊಡಿಲ್. ನಾನೂ ಹೇಳುತ್ತೇನೆ. ಅಕ್ಟೋಬರ್ ನವೆಂಬರ್‌ನಲ್ಲಿ ಆರು ಅಂಗುಲ ಆಳಕ್ಕೆ ಗಡ್ಡೆ ನೆಟ್ಟರೆ ಏಪ್ರಿಲ್‌ನಲ್ಲಿ ಹೂ. ಹೂ ಮುಗಿದ ಮೇಲೆ ಅದರ ಎಲೆ ಹಳದಿಯಾಗಿ ಜೋತು ಬೀಳುವ ಹೊತ್ತಿಗೆ ಸರಿಯಾಗಿ ದಾಸವಾಳ ಎದ್ದು ಅದನ್ನು ಮುಚ್ಚಿಬಿಡುತ್ತದೆ. ಆ ಎಲೆಯನ್ನು ಹಸಿರಿರುವಾಗ ಕತ್ತರಿಸಬೇಡಿ, ಮುಂದಿನ ವರ್ಷದ ಹೂವಿಗೆ ಗಡ್ಡೆ ಊಟ ತುಂಬಿಕೊಳ್ಳುವುದು ಆ ಎಲೆಯಿಂದಲೇ. ಜಿಂಕೆ, ಇಲಿ ಇದನ್ನು ಮುಟ್ಟುವುದಿಲ್ಲ. ಟ್ಯೂಲಿಪ್ ಹಾಕಿದರೆ ನಿಮ್ಮ ಕಡೆಯ ಜಿಂಕೆಗಳು ಒಂದು ರಾತ್ರಿಯಲ್ಲಿ ಮುಗಿಸುತ್ತವೆ.

ಆದರೆ ಇಲ್ಲಿ ಒಂದು ತೊಡಕಿದೆ. ಡ್ಯಾಫೊಡಿಲ್ ಗಡ್ಡೆಗೆ ಬೇಸಿಗೆಯಲ್ಲಿ ಒಣ ನಿದ್ದೆ ಇಷ್ಟ. ದಾಸವಾಳಕ್ಕೆ ಬೇಸಿಗೆಯಲ್ಲೇ ನೀರು ಬೇಕು. ನಿಮ್ಮ ಪಾತಿಯಲ್ಲಿ ಲ್ಯಾವೆಂಡರ್ ಕೊಳೆತದ್ದನ್ನು ನೋಡಿದರೆ ಮಣ್ಣು ಜಿಗುಟು ಇರಬಹುದು. ಮಳೆ ಬಂದ ಮರುದಿನ ಒಂದು ಹಿಡಿ ಮಣ್ಣು ಹಿಸುಕಿ ನೋಡಿ. ಉಂಡೆ ಕಟ್ಟಿ ಹಾಗೇ ನಿಂತರೆ, ಬೆರಳಿಂದ ಒತ್ತಿದರೂ ಪುಡಿಯಾಗದಿದ್ದರೆ ಜೇಡಿ ಜಾಸ್ತಿ ಇದೆ ಎಂದರ್ಥ. ಹಾಗಿದ್ದರೆ ಡ್ಯಾಫೊಡಿಲ್ ಅನ್ನು ಪಾತಿಯ ಅಂಚಿನ ಎತ್ತರದ ಜಾಗದಲ್ಲಿ ಮಾತ್ರ ಹಾಕಿ. ನಡುವಿನ ಒದ್ದೆ ಜಾಗಕ್ಕೆ ಲ್ಯೂಕೋಜಮ್ ಗಡ್ಡೆ ಹಾಕಿ. ಬಿಳಿ ಗಂಟೆಯಂಥ ಹೂ, ಪ್ರತಿ ಎಸಳಿನ ತುದಿಗೆ ಹಸಿರು ಚುಕ್ಕೆ. ತೇವ ತಡೆಯುತ್ತದೆ, ಜಿಂಕೆಯೂ ತಿನ್ನುವುದಿಲ್ಲ. ಕಮಾಸಿಯ ಇನ್ನೊಂದು ಒಳ್ಳೆಯ ಗಡ್ಡೆ. ನೀಲಿ ಹೂವಿನ ದಂಡೆ, ಮೇ ತಿಂಗಳಲ್ಲಿ ಬಿಡುತ್ತದೆ. ಒಂದು ಎಚ್ಚರ: ಡ್ಯಾಫೊಡಿಲ್, ಲ್ಯೂಕೋಜಮ್ ಎರಡರ ಗಡ್ಡೆಯೂ ವಿಷ. ನೋಡಲು ಈರುಳ್ಳಿಯ ಹಾಗೇ ಇರುತ್ತವೆ. ನೆಡುವ ದಿನದವರೆಗೆ ಅಡುಗೆಮನೆಯಲ್ಲಿ ಇಡಬೇಡಿ. ಊರಿಂದ ಬಂದ ಹಿರಿಯರಿಗೂ ಒಂದು ಮಾತು ಹೇಳಿಡಿ.

ನೆಲ ಮುಚ್ಚಲು ನನಗೆ ಅತಿ ಇಷ್ಟವಾದದ್ದು ಗೋಲ್ಡನ್ ರಾಗ್‌ವರ್ಟ್. ಅಂಗಡಿಯಲ್ಲಿ ಪ್ಯಾಕೆರಾ ಔರಿಯಾ ಎಂದು ಕೇಳಿ. ಇದೂ ಅಮೆರಿಕದ ಈ ಪೂರ್ವ ಭಾಗದ್ದೇ ಗಿಡ. ಚಳಿಗಾಲದಲ್ಲೂ ಎಲೆ ಹಸಿರಾಗಿ ನೆಲಕ್ಕೆ ಅಂಟಿಕೊಂಡಿರುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಹಳದಿ ಹೂ. ದಾಸವಾಳದ ನೆರಳು ಬಿದ್ದಾಗ ಗೊಣಗದೆ ಕೆಳಗೇ ಇರುತ್ತದೆ. ಒದ್ದೆ ನೆಲ ಅದಕ್ಕೆ ಇಷ್ಟ. ಹಬ್ಬುತ್ತದೆ, ನಿಜ, ಆದರೆ ಪುದೀನದಷ್ಟು ಹಟಮಾರಿಯಲ್ಲ, ಕೈಯಲ್ಲಿ ಕಿತ್ತರೆ ಬರುತ್ತದೆ. ದಾಸವಾಳದ ಬುಡದ ಸುತ್ತ ಒಂದಡಿ ಬಿಟ್ಟು ನೆಡಿ. ಎಲೆ ನೋಡಿ ಸೊಪ್ಪು ಅಂದುಕೊಳ್ಳಬೇಡಿ, ಇದು ತಿನ್ನುವ ಗಿಡವಲ್ಲ.

ಮೇ ಕೊನೆ, ಜೂನ್ ಮೊದಲಿಗೆ ಬ್ಲೂ ಫ್ಲ್ಯಾಗ್ ಐರಿಸ್. ಎರಡು ಮೂರು ಅಡಿ ಎತ್ತರದ ಕತ್ತಿಯಂಥ ಎಲೆ, ನೀಲಿ ಹೂ. ಇದರದೇ ರೂಪದ ಹಳದಿ ಐರಿಸ್ ಒಂದಿದೆ, ಯೂರೋಪಿನಿಂದ ಬಂದದ್ದು. ಅದನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ತರಬೇಡಿ. ಇಲ್ಲಿಯ ಕೆರೆ, ಹೊಳೆದಂಡೆಗಳನ್ನು ಅದು ಆಕ್ರಮಿಸಿದೆ. ಪರ್ಪಲ್ ಲೂಸ್‌ಸ್ಟ್ರೈಫ್ ಅದಕ್ಕಿಂತ ಕೆಟ್ಟದ್ದು. ನೇರಳೆ ಹೂವಿನ ಉದ್ದ ದಂಡೆ ದಾಸವಾಳದ ಜೊತೆ ಬಹಳ ಚೆಂದ ಕಾಣುತ್ತದೆ, ಹಳೆಯ ತೋಟಗಳಲ್ಲಿ ಇನ್ನೂ ಸಿಗುತ್ತದೆ. ಆದರೆ ಒಂದು ಗಿಡ ಲಕ್ಷಗಟ್ಟಲೆ ಬೀಜ ಉದುರಿಸಿ ಜವುಗನ್ನೇ ತುಂಬಿಬಿಡುತ್ತದೆ. ಕಾಡು ದಾಸವಾಳದ ತವರನ್ನೇ ಕಿತ್ತುಕೊಳ್ಳುವ ಗಿಡವನ್ನು ಅದರ ಜೊತೆಗೆಂದು ನೆಡುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಬೇಸಿಗೆಗೆ ಜೊತೆ ನಿಲ್ಲುವವರಲ್ಲಿ ಸ್ವ್ಯಾಂಪ್ ಮಿಲ್ಕ್‌ವೀಡ್ ಹೆಸರು ಮೊದಲು ಬರುತ್ತದೆ. ನಮ್ಮ ಎಕ್ಕದ ಬಳಗದ್ದು, ಮುರಿದರೆ ಹಾಲು ಬರುತ್ತದೆ. ಊರಲ್ಲಿ ಎಕ್ಕದ ಎಲೆ ತಿಂದು ಬೆಳೆಯುವ ಕಿತ್ತಳೆ ಬಣ್ಣದ ಚಿಟ್ಟೆ ನೋಡಿದ್ದೀರಿ ಅಲ್ವಾ? ಅದರ ನಂಟನೇ ಇಲ್ಲಿಯ ಮೊನಾರ್ಕ್. ಅದರ ಮರಿಹುಳುಗಳಿಗೆ ಮಿಲ್ಕ್‌ವೀಡ್ ಬಿಟ್ಟರೆ ಬೇರೆ ಊಟ ಇಲ್ಲ. ಆದರೆ ಇದೂ ತಡವಾಗಿ ಏಳುವ ಗಿಡ. ವಸಂತದ ಖಾಲಿ ಜಾಗ ಇದರಿಂದ ತುಂಬುವುದಿಲ್ಲ, ಎರಡರ ಜಾಗಕ್ಕೂ ಗುರುತು ಕಡ್ಡಿ ನೆಡಬೇಕಾಗುತ್ತದೆ. ಬೇಲಿಯ ಹಿಂಬದಿಗೆ ಜೋ ಪೈ ವೀಡ್ ಹಾಕಬಹುದು. ಆರೇಳು ಅಡಿ ಬೆಳೆಯುತ್ತದೆ. ಜಾಗ ಕಡಿಮೆಯಿದ್ದರೆ ಲಿಟಲ್ ಜೋ ಎಂಬ ಗಿಡ್ಡ ತಳಿ ಕೇಳಿ. ದಾಸವಾಳದ ಹೂ ದಪ್ಪ, ಒಂದೊಂದೇ. ಜೋ ಪೈ ಹೂ ಮೋಡದ ಹಾಗೆ ಪುಡಿ ಪುಡಿ. ಎರಡೂ ಒಟ್ಟಿಗಿದ್ದರೆ ಕಣ್ಣಿಗೆ ತಂಪು.

ಒಂದು ಹುಲ್ಲು ಇರಲೇಬೇಕು ಎಂಬುದು ನನ್ನ ಹಟ. ಸ್ವಿಚ್‌ಗ್ರಾಸ್ ನೆಟ್ಟಗೆ ನಿಲ್ಲುವ ಹುಲ್ಲು, ನಾರ್ತ್‌ವಿಂಡ್ ತಳಿಯಂತೂ ಕಂಬದ ಹಾಗೆ. ಒದ್ದೆ, ಒಣ ಎರಡನ್ನೂ ತಡೆಯುತ್ತದೆ. ಚಳಿಗಾಲದಲ್ಲಿ ದಾಸವಾಳದ ಒಣ ಕಡ್ಡಿ ಮಾತ್ರ ಉಳಿದಾಗ ಹೊಂಬಣ್ಣದಲ್ಲಿ ಹಿಮದ ನಡುವೆ ನಿಂತಿರುವುದು ಇದೊಂದೇ. ಕೊನೆಗೆ, ಸೆಪ್ಟೆಂಬರ್ ಅಕ್ಟೋಬರ್‌ಗೆ ನ್ಯೂ ಇಂಗ್ಲೆಂಡ್ ಆಸ್ಟರ್. ದಾಸವಾಳ ಕೈ ಬಿಡುವ ಹೊತ್ತಿಗೆ ನೇರಳೆ ಹೂ ಕೊಡುತ್ತದೆ. ಇಷ್ಟೆಲ್ಲ ಒಂದೇ ಪಾತಿಯಲ್ಲಿ ತುರುಕಬೇಡಿ. ಪಾತಿ ಹತ್ತು ಹನ್ನೆರಡು ಅಡಿ ಉದ್ದ ಇದ್ದರೆ ಎರಡು ದಾಸವಾಳ, ಒಂದು ಹುಲ್ಲು, ಒಂದು ಮಿಲ್ಕ್‌ವೀಡ್ ಅಥವಾ ಗಿಡ್ಡ ಜೋ ಪೈ, ಮುಂದೆ ಐರಿಸ್, ಕೆಳಗೆ ರಾಗ್‌ವರ್ಟ್, ನಡುವೆ ಗಡ್ಡೆಗಳು. ಎತ್ತರದ ಗಿಡಗಳನ್ನು ದಾಸವಾಳದ ಬುಡದಿಂದ ಮೂರು ಅಡಿಯಾದರೂ ದೂರ ಇಡಿ. ಹತ್ತಿರ ಇಟ್ಟರೆ ಗಾಳಿ ಆಡುವುದಿಲ್ಲ, ನೀರಿಗೂ ಜಗಳ.

ನೀರಿನ ಮಾತು ಬಂತು. ಮೊಗ್ಗು ಅರಳದೆ ಉದುರಿತು ಎಂದು ಬರುವ ದೂರುಗಳಲ್ಲಿ ನಾನು ಮೊದಲು ಕೇಳುವುದು ಜುಲೈನಲ್ಲಿ ಮಣ್ಣು ಒಣಗಿತ್ತಾ ಎಂದು. ವಾರಕ್ಕೆ ಒಂದು ಅಂಗುಲ ಮಳೆಯಷ್ಟು ನೀರು ಬೇಕು, ಸುಡುಬಿಸಿಲಿದ್ದರೆ ಇನ್ನೂ ಜಾಸ್ತಿ. ದಿನಾ ಸುಮ್ನೆ ಎಲೆ ಮೇಲೆ ಚಿಮುಕಿಸುವ ಬದಲು ವಾರಕ್ಕೆರಡು ಸಲ ಬುಡಕ್ಕೆ ಆಳವಾಗಿ ಇಳಿಯುವಂತೆ ಬಿಡಿ. ನಿಮ್ಮ ಮನೆಯ ಚಾವಣಿ ನೀರು ಇಳಿಯುವ ಪೈಪ್ ಆ ಕಡೆ ಇದ್ದರೆ ಅದನ್ನೇ ಪಾತಿಗೆ ತಿರುಗಿಸಬಹುದು. ಇತರ ಗಿಡಗಳಿಗೆ ಕೊಡಬಾರದ ಸಲಹೆ ಅದು, ಈ ಗುಂಪಿಗೆ ಮಾತ್ರ ಒಪ್ಪುತ್ತದೆ.

ಈಗ ಜೀರುಂಡೆ. ನೀವು ಹೇಳುವ ಹಸಿರು ಮೈ, ತಾಮ್ರದ ಬಣ್ಣದ ರೆಕ್ಕೆಯ ಹುಳ ಜಪಾನೀಸ್ ಬೀಟಲ್. ಅಮೆರಿಕದಲ್ಲಿ ಇದು ಮೊದಲು ಪತ್ತೆಯಾದದ್ದು ನಿಮ್ಮ ರಾಜ್ಯದಲ್ಲೇ, ರಿವರ್ಟನ್ ಊರಿನ ಹತ್ತಿರ, 1916ರಲ್ಲಿ. ನೂರು ವರ್ಷ ದಾಟಿದೆ, ಇನ್ನೂ ಓಡಿಸಲು ಆಗಿಲ್ಲ. ಹಾಗಾಗಿ ನಾಲ್ಕು ಚೆಂಡು ಹೂವಿನ ಗಿಡದಿಂದ ಅದು ಓಡಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ನಂಬಲು ಕಷ್ಟ.

ಜೆರೇನಿಯಂ ಕಥೆಯ ಹಿಂದೆ ಒಂದು ನಿಜ ಇದೆ. ಜೆರೇನಿಯಂ ಹೂವಿನ ಎಸಳಿನಲ್ಲಿ ಕ್ವಿಸ್ಕ್ವಾಲಿಕ್ ಆಮ್ಲ ಎಂಬ ವಸ್ತು ಇದೆ. ಅದನ್ನು ತಿಂದ ಜೀರುಂಡೆಗೆ ಅರ್ಧ ಗಂಟೆಯೊಳಗೆ ಕೈಕಾಲು ಬಿದ್ದುಹೋದ ಹಾಗಾಗುತ್ತದೆ. ಆದರೆ ಹಕ್ಕಿಯೋ ಇರುವೆಯೋ ಹಿಡಿಯದಿದ್ದರೆ ಒಂದು ದಿನದೊಳಗೆ ಅದು ಚೇತರಿಸಿಕೊಂಡು ಎದ್ದು ಹೋಗುತ್ತದೆ. ಹೂವನ್ನು ತಿಂದ ಹುಳಕ್ಕೆ ಆಗುವುದು ಇದು. ಪಕ್ಕದ ದಾಸವಾಳ ತಿನ್ನುತ್ತಿರುವ ಹುಳಕ್ಕೆ ಏನೂ ಆಗುವುದಿಲ್ಲ. ಕೆಂಟಕಿ ವಿಶ್ವವಿದ್ಯಾಲಯದ ಕೀಟತಜ್ಞರು ಇದನ್ನೇ ಪರೀಕ್ಷೆ ಮಾಡಿ 2003ರಲ್ಲಿ ಪ್ರಕಟಿಸಿದರು. ಗುಲಾಬಿ ಗಿಡಗಳ ಸುತ್ತ ಜೆರೇನಿಯಂ, ಬೆಳ್ಳುಳ್ಳಿ ವಾಸನೆಯ ಗಾರ್ಲಿಕ್ ಚೈವ್ಸ್, ನಾಗದಾಳಿ ಸೊಪ್ಪಿನ ಜಾತಿಯ ರೂ ಗಿಡ, ಮೂರನ್ನೂ ಹಾಕಿ ನೋಡಿದರು. ಗುಲಾಬಿ ಮೇಲಿನ ಜೀರುಂಡೆ ಕಡಿಮೆಯಾಗಲಿಲ್ಲ. ಕೆಲವು ಕಡೆ ಜೆರೇನಿಯಂ ಅಥವಾ ರೂ ಪಕ್ಕದಲ್ಲಿದ್ದ ಗುಲಾಬಿಗೇ ಹುಳ ಜಾಸ್ತಿ ಬಂತು. ದಾಸವಾಳ ಬೇರೆ ಗಿಡ, ನಿಜ. ಆದರೂ ನರ್ಸರಿಯಲ್ಲಿ ನಾನು ಕಂಡದ್ದೂ ಅದೇ. ಜೆರೇನಿಯಂ ನಿಮಗೆ ಇಷ್ಟವಿದ್ದರೆ ಹೂವಿಗಾಗಿ ಹಾಕಿಕೊಳ್ಳಿ, ಕಾವಲಿಗೆಂದು ಬೇಡ.

ಚೆಂಡು ಹೂವಿನ ಹೆಸರು ಬಂದದ್ದು ಇನ್ನೊಂದು ಕಾರಣಕ್ಕೆ. ಅದರ ಬೇರು ಮಣ್ಣಿನ ಜಂತುಹುಳುಗಳಾದ ನೆಮಟೋಡ್‌ಗಳನ್ನು ತಗ್ಗಿಸುತ್ತದೆ. ಅದೂ ಒತ್ತಾಗಿ ಬಿತ್ತಿ ಕೆಲವು ತಿಂಗಳು ಬೆಳೆಸಿದಾಗ. ಹಾರುವ ಜೀರುಂಡೆಗೂ ಅದಕ್ಕೂ ಸಂಬಂಧ ಇಲ್ಲ. ತುಳಸಿ ಬಳಗದ ಬೇಸಿಲ್ ಅಂತೂ ಈ ಹುಳಕ್ಕೆ ಬಲು ಇಷ್ಟದ ಊಟ. ಪಕ್ಕದಲ್ಲಿ ಇಟ್ಟರೆ ಕರೆದು ಎಲೆ ಹಾಕಿದ ಹಾಗೆ.

ಬೆಂಡೆ ವಿಷಯ ನಿಮಗೆ ಬೇಸರ ತರಬಹುದು, ಹೇಳಲೇಬೇಕು. ಬೆಂಡೆ, ಹತ್ತಿ, ಪುಂಡಿ, ದಾಸವಾಳ ಎಲ್ಲ ಒಂದೇ ಕುಟುಂಬ. ಬೆಂಡೆಯ ಹೂವನ್ನೂ ದಾಸವಾಳದ ಹೂವನ್ನೂ ಅಂಗೈಯಲ್ಲಿ ಪಕ್ಕಪಕ್ಕ ಇಟ್ಟು ನೋಡಿ, ಅಕ್ಕತಂಗಿಯರು ಅಂತ ಹೇಳಿಬಿಡುತ್ತೀರಿ. ಒಬ್ಬರ ಮನೆಗೆ ಬಂದ ಹುಳ ಇನ್ನೊಬ್ಬರ ಮನೆಗೂ ಹೋಗುತ್ತದೆ. ಬೆಂಡೆಯನ್ನು ಹಿತ್ತಲಿನ ಇನ್ನೊಂದು ಮೂಲೆಗೆ ಸಾಗಿಸಿ. ಇದರಿಂದ ಜೀರುಂಡೆ ಬರುವುದು ನಿಲ್ಲುವುದಿಲ್ಲ, ಅದು ದೂರ ಹಾರಬಲ್ಲದು. ಆದರೆ ದಾಸವಾಳಕ್ಕೆ ಔಷಧಿ ಹೊಡೆಯುವ ಪ್ರಸಂಗ ಬಂದರೆ ಅದು ನಾಳೆ ಪಲ್ಯ ಮಾಡುವ ಕಾಯಿ ಮೇಲೆ ಬೀಳುವುದಿಲ್ಲ. ನನಗೆ ಅದೇ ಮುಖ್ಯ. ಗುಲಾಬಿ, ದ್ರಾಕ್ಷಿ ಬಳ್ಳಿಯೂ ಈ ಹುಳಕ್ಕೆ ಬಹಳ ಪ್ರಿಯ, ಅವನ್ನೂ ಹತ್ತಿರ ತರಬೇಡಿ.

ಹಾಗಾದರೆ ಮಾಡುವುದೇನು? ಕೈಯಿಂದ ಆರಿಸುವುದೇ ಸರಿಯಾದ ದಾರಿ. ಎರಡು ಗಿಡಕ್ಕೆ ಅದು ದೊಡ್ಡ ಕೆಲಸವಲ್ಲ. ಬೆಳಗ್ಗೆ ಬಿಸಿಲು ಏರುವ ಮೊದಲು ಹುಳ ಮಂಕಾಗಿರುತ್ತದೆ. ಸೋಪುನೀರಿನ ಬಟ್ಟಲನ್ನು ಎಲೆಯ ಕೆಳಗೆ ಹಿಡಿದು ಮೆಲ್ಲಗೆ ತಟ್ಟಿದರೆ ತಾನೇ ಬೀಳುತ್ತದೆ. ಜೂನ್ ಕೊನೆಯಲ್ಲಿ ಮೊದಲ ಹುಳ ಕಂಡ ದಿನವೇ ಶುರು ಮಾಡಬೇಕು. ಏಕೆಂದರೆ ಹುಳ ಕಡಿದ ಎಲೆಯಿಂದ ಹೊರಡುವ ವಾಸನೆ ಇನ್ನಷ್ಟು ಹುಳಗಳನ್ನು ಕರೆಯುತ್ತದೆ. ಮೊದಲ ವಾರ ಹತ್ತು ಹುಳ ಹಿಡಿದರೆ ಮೂರನೇ ವಾರ ನೂರು ಹುಳ ಬರುವುದು ತಪ್ಪುತ್ತದೆ. ಅಂಗಡಿಯಲ್ಲಿ ಸಿಗುವ ಹಳದಿ ಚೀಲದ ಬಲೆ ತೂಗುಹಾಕಬೇಡಿ. ಅದು ಹಿಡಿಯುವುದಕ್ಕಿಂತ ಹೆಚ್ಚು ಹುಳವನ್ನು ನಿಮ್ಮ ಹಿತ್ತಲಿಗೆ ಎಳೆದು ತರುತ್ತದೆ.

ಇನ್ನೊಂದು ಹುಳವನ್ನೂ ನೋಡಿಕೊಳ್ಳಿ. ಜರಡಿ ಎಲೆ ಎಲ್ಲವೂ ಜೀರುಂಡೆಯ ಕೆಲಸವೇ ಆಗಿರಬೇಕಿಲ್ಲ. ಎಲೆ ತಿರುಗಿಸಿ. ಅಡಿಯಲ್ಲಿ ಅರ್ಧ ಅಂಗುಲದ, ತೆಳು ಹಸಿರಿನ, ಕಪ್ಪು ತಲೆಯ ಸಣ್ಣ ಹುಳುಗಳಿದ್ದರೆ ಅದು ಹೈಬಿಸ್ಕಸ್ ಸಾಫ್ಲೈ. ನೋಡಲು ಚಿಟ್ಟೆಯ ಮರಿಹುಳು, ನಿಜದಲ್ಲಿ ಕಣಜದ ಬಳಗ. ಈ ವ್ಯತ್ಯಾಸ ಏಕೆ ಮುಖ್ಯ ಎಂದರೆ, ಮರಿಹುಳುವಿಗೆ ಎಂದು ಮಾರುವ ಬಿಟಿ ಪುಡಿ ಇದರ ಮೇಲೆ ಕೆಲಸ ಮಾಡುವುದಿಲ್ಲ. ಜನ ದುಡ್ಡು ಕೊಟ್ಟು ತಂದು ಹೊಡೆದು, ಮತ್ತೆ ಎರಡು ವಾರ ಕಾದು, ಅಷ್ಟರಲ್ಲಿ ಎಲೆಯೆಲ್ಲ ನರವಾಗಿರುತ್ತದೆ. ಎಲೆಯಡಿಗೆ ಜೋರಾಗಿ ನೀರು ಹೊಡೆಯುವುದು, ಕೈಯಲ್ಲಿ ಹೊಸಕುವುದು, ಸೋಪಿನ ದ್ರಾವಣ ನೇರವಾಗಿ ಹುಳುವಿನ ಮೇಲೆ ಬೀಳುವಂತೆ ಸಿಂಪಡಿಸುವುದು, ಇವು ಸಾಕಾಗುತ್ತವೆ. ಹಾವಳಿ ಮೀರಿದರೆ ಸ್ಪಿನೋಸಾಡ್ ಎಂಬ ಕೀಟನಾಶಕ ಇದೆ. ಅದು ಹಸಿಯಿರುವಾಗ ಜೇನುನೊಣಕ್ಕೆ ಅಪಾಯ. ಸಂಜೆ, ಹೂ ಮುಚ್ಚಿದ ಮೇಲೆ ಎಲೆಗೆ ಮಾತ್ರ ಹೊಡೆಯಿರಿ. ಬುಡಕ್ಕೆ ಸುರಿದು ಗಿಡದ ಮೈಯೆಲ್ಲ ಸೇರುವ ಔಷಧಿಗಳು ಮಾತ್ರ ಬೇಡವೇ ಬೇಡ. ಅವು ಮಕರಂದಕ್ಕೂ ಪರಾಗಕ್ಕೂ ಹೋಗುತ್ತವೆ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ನಿಮ್ಮ ಹೂವಿಗೆಂದೇ ಬದುಕುವ ಒಂದು ಜೇನು ಇಲ್ಲಿದೆ, ರೋಸ್ ಮ್ಯಾಲೋ ಬೀ ಎನ್ನುತ್ತಾರೆ. ಬಂಬಲ್‌ಬೀಯ ಗಾತ್ರ, ಕಾಲುಗಳಿಗೆ ಕಪ್ಪು ಕೂದಲು. ಮರಿಗಳಿಗೆ ತಿನ್ನಿಸಲು ಅದು ಕೂಡಿಡುವುದು ಹೆಚ್ಚಾಗಿ ದಾಸವಾಳದ ಪರಾಗವನ್ನೇ. ಗಟ್ಟಿ ನೆಲವನ್ನು ಕೊರೆದು ಗೂಡು ಮಾಡುತ್ತದೆ. ಹತ್ತಿರದ ನೀರಿನ ಮೇಲೆ ಕಾಲೂರಿ ನಿಂತು ನೀರು ಹೊತ್ತು ತಂದು ಮಣ್ಣು ಮೆತ್ತಗೆ ಮಾಡಿಕೊಳ್ಳುತ್ತದೆ. ಒಂದು ಆಗಸ್ಟ್ ಬೆಳಗ್ಗೆ ನರ್ಸರಿಯ ಟ್ರಾಕ್ಟರ್ ಓಡಾಡಿ ಗಟ್ಟಿಯಾದ ದಾರಿಯಲ್ಲಿ ಅದು ಗೂಡು ತೋಡುವುದನ್ನು ಕೆಲಸ ಬಿಟ್ಟು ನಿಂತು ನೋಡಿದ್ದೆ. ಪಾತಿಯ ಪಕ್ಕ ಎರಡಡಿ ಜಾಗವನ್ನು ಹೊದಿಕೆ, ಹುಲ್ಲು ಏನೂ ಇಲ್ಲದೆ ಬರಿಮಣ್ಣಾಗಿ ಬಿಡಿ. ನೀವು ಬೇಸರಪಟ್ಟುಕೊಂಡ ಬರಿಮಣ್ಣಿನಲ್ಲಿ ಒಂದು ತುಂಡು ಅದಕ್ಕೆ ಬೇಕು.

ಎಸೆದ ಬಿಳಿ ಗಿಡದ ಜಾಗಕ್ಕೆ ಹೊಸದನ್ನು ತರುವಾಗ ಎಲೆ ನೋಡಿ ಕೊಳ್ಳಿ. ಚೀಟಿಯಲ್ಲಿ ಬರೀ ಹೈಬಿಸ್ಕಸ್ ಎಂದಿರುತ್ತದೆ. ಎಲೆ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದರೆ, ಹೂ ಹಳದಿ ಅಥವಾ ಕಿತ್ತಳೆ ಇದ್ದರೆ ಅದು ನಮ್ಮೂರಿನದು, ಚಳಿಗೆ ಉಳಿಯುವುದಿಲ್ಲ. ಎಲೆಗೆ ಹೊಳಪಿಲ್ಲದೆ, ಅಗಲವಾಗಿ ಹೃದಯದಾಕಾರದಲ್ಲಿದ್ದರೆ ನಿಮಗೆ ಬೇಕಾದದ್ದು. ವಸಂತ ಕಳೆದು ನೆಲ ಬೆಚ್ಚಗಾದ ಮೇಲೆ ನೆಡಿ. ಶರತ್ಕಾಲದ ರಿಯಾಯಿತಿಯಲ್ಲಿ ತಂದು ಅಕ್ಟೋಬರ್‌ನಲ್ಲಿ ನೆಟ್ಟರೆ ಬೇರು ಹಿಡಿಯುವ ಮೊದಲೇ ಚಳಿ ಬಂದುಬಿಡುತ್ತದೆ. ಒಣಗಿದ ಕಾಂಡವನ್ನು ಪೂರ್ತಿ ನೆಲಕ್ಕೆ ಸವರಬೇಡಿ. ಆರು ಅಂಗುಲ ಮೋಟು ಬಿಡಿ, ಪಕ್ಕದಲ್ಲಿ ಬಣ್ಣ ಬಳಿದ ಕಡ್ಡಿಯೊಂದನ್ನು ನೆಡಿ. ಜೂನ್ 15ರವರೆಗೆ ಆ ಕಡ್ಡಿಯ ಸುತ್ತ ಗುದ್ದಲಿ ಹಾಕಬಾರದು ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿ.

ಅತ್ತೆಯವರ ಪ್ರಶ್ನೆ. ಶಾಸ್ತ್ರದ ವಿಷಯದಲ್ಲಿ ಅವರ ಮಾತೇ ಕೊನೆ, ನಾನು ಗಿಡದ ಕಡೆಯಿಂದ ಮಾತ್ರ ಹೇಳಬಲ್ಲೆ. ಇದೂ ಹೈಬಿಸ್ಕಸ್ಸೇ, ದಾಸವಾಳದ ಕುಲವೇ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಹೂ ಬಿಡುವುದರಿಂದ ಗಣೇಶ ಚೌತಿಗೆ ಸರಿಯಾಗಿ ಸಿಗುತ್ತದೆ. ಒಂದು ಹೂವಿನ ಬಾಳು ಒಂದೇ ದಿನ, ಕಿತ್ತರೂ ಬಿಟ್ಟರೂ ಸಂಜೆಗೆ ಮುದುಡುತ್ತದೆ. ಬೆಳಗ್ಗೆ ಪೂರ್ತಿ ಅರಳಿದ ಮೇಲೆ ಕೊಯ್ದರೆ ಪೂಜೆ ಮುಗಿಯುವವರೆಗೆ ನೀರಿಲ್ಲದೆಯೂ ಚೆನ್ನಾಗಿರುತ್ತದೆ. ಗಿಡಕ್ಕೆ ನಷ್ಟವಿಲ್ಲ, ಮರುದಿನಕ್ಕೆ ಬೇರೆ ಮೊಗ್ಗು ಸಿದ್ಧವಿರುತ್ತದೆ. ಔಷಧಿ ಹೊಡೆದ ವಾರ ಮಾತ್ರ ಕೊಯ್ಯಬೇಡಿ. ಹೂ ದೊಡ್ಡದು, ದೇವರ ಮನೆ ಸಣ್ಣದಿದ್ದರೆ ಒಂದೇ ಸಾಕಾಗುತ್ತದೆ, ಉಳಿದದ್ದನ್ನು ಗಿಡದಲ್ಲೇ ಆ ಜೇನಿಗೆ ಬಿಡಿ.